ಗುದ್ದಲಿ ಹಿಡಿಯುವ ಮುನ್ನ

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಸುರಿದ ಮಳೆಯನ್ನು ಕರಾವಳಿಯವರು ಮರೆತಿರಲಾರರು. ಘಟ್ಟದ ಬುಡದಲ್ಲಿ ಗುಡ್ಡ ಜರಿದು, ಹೊಳೆಗಳು ದಂಡೆ ಮೀರಿ ಹರಿದು, ಚಾರ್ಮಾಡಿ ಕಡೆಯ ಅಡಿಕೆ ತೋಟಗಳಲ್ಲಿ ಮರಳು, ಕೆಸರು, ಬುಡಸಮೇತ ಕಿತ್ತು ಬಂದ ಮರಗಳು ರಾಶಿ ಬಿದ್ದಿದ್ದವು. ನೀರು ಇಳಿದ ಮೇಲೆ ಊರೂರುಗಳಿಂದ ಶ್ರಮದಾನಕ್ಕೆ ಜನ ಹೊರಟರು. ನಮ್ಮ ಚರ್ಚಿನ ಯುವಜನರೂ ಹೋದರು. ಅವರ ಸಚೇತಕರ ಪೈಕಿ ಒಬ್ಬರಾಗಿ ನಾನೂ ಹೋಗಿದ್ದೆ.

ನಮ್ಮ ಪಾಲಿಗೆ ಬಂದದ್ದು ತುಳಸಿಕಟ್ಟೆಯ ಹಿಂದೆ ಕೆಂಪುಕಲ್ಲಿನ ಬಾವಿಯಿದ್ದ ಒಂದು ಮನೆ. ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ನಮ್ಮ ಹುಡುಗನೊಬ್ಬ ಒಂದು ಕಿಲೋ ಬ್ಲೀಚಿಂಗ್ ಪೌಡರಿನ ಪೊಟ್ಟಣ ಒಡೆದು ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಅಲ್ಲಿಯ ಆಶಾ ಕಾರ್ಯಕರ್ತೆ ಅವನ ಕೈ ಹಿಡಿದರು. “ಅಷ್ಟು ಹಾಕಿದರೆ ಈ ನೀರನ್ನು ಯಾರು ಕುಡಿಯುವುದು? ಬಾವಿ ಅಳೆದಿದ್ದೀರಾ?” ಅಳೆದಿರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಬಾಯಿಯ ಅಗಲ ಎರಡು ಮೀಟರ್, ನೀರಿನ ಆಳ ನಾಲ್ಕು ಮೀಟರ್. ನೀರೆಷ್ಟು ಎಂದು ಅವರು ಕೇಳಿದಾಗ ಪಿಯುಸಿಯಲ್ಲಿ ವಿಜ್ಞಾನ ಓದಿದ ಮೂವರೂ ತಡವರಿಸಿದರು. ಕೊನೆಗೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಇದ್ದಿಲು ಹಿಡಿದು ಬಾವಿಕಟ್ಟೆಯ ಮೇಲೆಯೇ ಲೆಕ್ಕ ಹಾಕಿದಳು. ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದಾಗ 12.56 ಘನ ಮೀಟರ್ ಬಂತು. ಅಂದರೆ 12,560 ಲೀಟರ್. ಸಾಧಾರಣ ದಿನಗಳಲ್ಲಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಸಾಕು. ನೆರೆ ನುಗ್ಗಿದ ಬಾವಿಗೆ ಅದರ ಎರಡರಷ್ಟು ಹಾಕಬೇಕೆಂದರು ಆಕೆ. ಒಟ್ಟು ಬೇಕಾದದ್ದು ಸುಮಾರು 63 ಗ್ರಾಂ. ನಾವು ಸುರಿಯಹೊರಟಿದ್ದು ಒಂದು ಕಿಲೋ.

ಮುಂದಿನದನ್ನೂ ಆಕೆಯೇ ಮಾಡಿ ತೋರಿಸಿದರು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಗಂಟಿಲ್ಲದಂತೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಹಾಗೆಯೇ ಬಿಟ್ಟರು. ಸುಣ್ಣ ತಳದಲ್ಲಿ ನಿಂತಿತು. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಬಾವಿಗೆ ಇಳಿಸಿ, ಹಗ್ಗವನ್ನು ಏಳೆಂಟು ಸಲ ಮೇಲೆ ಕೆಳಗೆ ಆಡಿಸಿದರು. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು, ಸಂಜೆ ಹಾಕಿ ಬೆಳಿಗ್ಗೆ ಬಳಸಿದರೆ ಇನ್ನೂ ಒಳ್ಳೆಯದು, ಕುಡಿಯುವ ನೀರನ್ನು ಇನ್ನಷ್ಟು ದಿನ ಕುದಿಸಿಯೇ ಕುಡಿಯಿರಿ ಎಂದು ಮನೆಯವರಿಗೆ ತಿಳಿಸಿದರು.

ಆ ಹುಡುಗ ಇವತ್ತಿಗೂ ಇದನ್ನು ಹೇಳುತ್ತಾನೆ. ಚರ್ಚಿನಲ್ಲಿ ಸೇವೆಯ ಬಗ್ಗೆ ಎಷ್ಟು ಪ್ರವಚನ ಕೇಳಿದ್ದನೋ ಲೆಕ್ಕವಿಲ್ಲ. ಆದರೆ ಸೇವೆ ಮಾಡುವವರು ಮೊದಲು ಅಳೆಯಬೇಕು, ಗೊತ್ತಿರುವವರನ್ನು ಕೇಳಬೇಕು ಎನ್ನುವುದು ಅವನಿಗೆ ಹಿಡಿದದ್ದು ಆ ಬಾವಿಕಟ್ಟೆಯ ಬಳಿ. ಆರೇಳು ವರ್ಷ ಇಂಥ ತಂಡಗಳ ಜೊತೆ ತಿರುಗಿದ ಮೇಲೆ ನನಗೆ ಖಚಿತವಾಗಿರುವುದೂ ಅದೇ. ನಮ್ಮ ಮಕ್ಕಳು ಕೊಟ್ಟು ಕಲಿಯುವುದು ಕಡಿಮೆ, ಕೇಳಿ ಕಲಿಯುವುದು ಹೆಚ್ಚು. ಆ ಕಲಿಕೆ ಬಸ್ ಹತ್ತಿದ ಮಾತ್ರಕ್ಕೆ ತಾನಾಗಿ ಬರುವುದಿಲ್ಲ. ಅದಕ್ಕೆ ಜಾಗ ಮಾಡಿಕೊಡುವ ಕೆಲಸ ವಿಗಾರರದು, ಸಚೇತಕರದು, ತಂದೆತಾಯಿಯರದು. ನಿಮ್ಮ ಚರ್ಚಿನಲ್ಲಿ ಐಸಿವೈಎಂ, ವೈಸಿಎಸ್ ಅಥವಾ ಯಾವುದೇ ಯುವಸಂಘ ಇಂಥ ಪ್ರವಾಸಕ್ಕೆ ಹೊರಡುವುದಿದ್ದರೆ ಕೆಳಗಿನ ಮಾತುಗಳು ಉಪಯೋಗಕ್ಕೆ ಬಂದಾವು.

ಕರೆದವರು ಯಾರು?

ತಯಾರಿಯ ಮೊದಲ ಪ್ರಶ್ನೆ ಇದು. ಬಸ್ಸು, ಊಟ, ಟೀಶರ್ಟು ಎಲ್ಲ ಆಮೇಲೆ. ಅಲ್ಲಿಯ ಒಬ್ಬರಾದರೂ “ಬನ್ನಿ, ಇಂಥ ಕೆಲಸವಿದೆ” ಎಂದು ಕರೆದಿರಬೇಕು. ಪಂಚಾಯಿತಿ ಸದಸ್ಯರಾಗಲಿ, ಅಂಗನವಾಡಿ ಕಾರ್ಯಕರ್ತೆಯಾಗಲಿ, ಅಲ್ಲಿಯ ಚರ್ಚಿನ ಗುರ್ಕಾರರಾಗಲಿ, ವೃದ್ಧಾಶ್ರಮ ನಡೆಸುವ ಸಿಸ್ಟರ್ ಆಗಲಿ, ಯಾರಾದರೂ ಸರಿ. ಕರೆ ಬರದಿದ್ದರೆ ನಾವೇ ಮುಂಚಿತವಾಗಿ ಹೋಗಿ ಕೇಳಬೇಕು. ಹತ್ತು ಹದಿನೈದು ದಿನ ಮೊದಲು ಇಬ್ಬರು ಹೋಗಿ ನೋಡಿ ಬರಲಿ. ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಒಳಮನೆಯ ಕಷ್ಟ ಅವರ ಹತ್ತಿರ ಹೊರಗೆ ಬರುತ್ತದೆ. ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಎಲ್ಲಿಂದ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ, ಮೊಬೈಲಿಗೆ ಸಿಗ್ನಲ್ ಸಿಗುತ್ತದೆಯೇ, ಇವೆಲ್ಲ ಆ ಭೇಟಿಯಲ್ಲೇ ಗೊತ್ತಾಗಬೇಕು.

ಕೇಳದೆ ಮಾಡಿದ ಕೆಲಸದ ಫಲ ನಾವೂ ಉಂಡಿದ್ದೇವೆ. ಅದೇ ಪ್ರವಾಸದಲ್ಲಿ ಎರಡನೇ ದಿನ ಅಡಿಕೆ ತೋಟದ ಮರಳು ತೆಗೆಯಲು ಹೋದೆವು. ಇಪ್ಪತ್ತು ಜನ, ಭಾರೀ ಉತ್ಸಾಹ. ಬುಟ್ಟಿಯಿಂದ ಬುಟ್ಟಿಗೆ ದಾಟಿಸುತ್ತಾ ಮಧ್ಯಾಹ್ನದೊಳಗೆ ಐವತ್ತು ಅರವತ್ತು ಮರಗಳ ಬುಡ ಬಿಡಿಸಿದೆವು. ಮರಳನ್ನು ಹಾಕಿದ್ದು ಎಲ್ಲಿ? ಹತ್ತಿರವೇ ಇದ್ದ ಕಣಿಯ ಅಂಚಿಗೆ. ತೋಟದ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಜಗಲಿಯಲ್ಲಿ ಕೂತು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಎರಡು ದಿನ ಕಳೆದು ಮತ್ತೆ ಮಳೆ ಬಂತು. ಮರಳೆಲ್ಲ ಜಾರಿ ಕಣಿಗೆ ಬಿದ್ದು ಬಸಿನೀರು ಕಟ್ಟಿ ನಿಂತಿತು. ಅಡಿಕೆಯ ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿಯಾಡುವುದಿಲ್ಲ ಎನ್ನುವುದು ತೋಟದ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಮಗೆ ಗೊತ್ತಿರಲಿಲ್ಲ. ಮೊದಲು ಕಣಿ ಬಿಡಿಸಿ, ಆಮೇಲೆ ಬುಡ ಬಿಡಿಸಿ, ಮರಳನ್ನು ತೋಟದ ಹೊರಗಿನ ಎತ್ತರದ ಜಾಗಕ್ಕೆ ಹೊರಬೇಕಿತ್ತು.

ಮುಂದಿನ ಭಾನುವಾರ ಪೂಜೆ ಮುಗಿಸಿ ಎಂಟು ಜನ ಮತ್ತೆ ಹೋದೆವು. “ನೀವು ಯಾಕೆ ಆವತ್ತೇ ಹೇಳಲಿಲ್ಲ ಅಜ್ಜ?” ಎಂದು ಒಬ್ಬಳು ಕೇಳಿದಳು. “ಅಷ್ಟು ದೂರದಿಂದ ಬಂದ ಮಕ್ಕಳಿಗೆ ಹೇಗೆ ಹೇಳುವುದು ಮಗಾ?” ಎಂದರು ಅವರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಸಹಾಯ ಪಡೆಯುವವರಿಗೆ ಬೇಡ ಎನ್ನಲು, ಹಾಗಲ್ಲ ಎನ್ನಲು ಬಾಯಿ ಬರುವುದಿಲ್ಲ. ಅವರು ಹೇಳುವುದಿಲ್ಲವಾದ್ದರಿಂದ ನಾವೇ ಕೇಳಬೇಕು. ಅಂದಿನಿಂದ ನಮ್ಮ ಪ್ರತಿ ತಂಡಕ್ಕೂ ಅಲ್ಲಿಯವರೇ ಒಬ್ಬರು ಮೇಸ್ತ್ರಿ. ನಮ್ಮವರಲ್ಲಿ ಎಂಜಿನಿಯರ್ ಇದ್ದರೂ ಸರಿ, ಆ ದಿನ ಆ ಮೇಸ್ತ್ರಿ ಹೇಳಿದಂತೆಯೇ ಕೆಲಸ. ಆ ಮೇಸ್ತ್ರಿಗೆ ಕೂಲಿ ಕೊಡುತ್ತೇವೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತೇವೆ.

ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿ

ನಮ್ಮ ಬಹಳಷ್ಟು ಚರ್ಚುಗಳಲ್ಲಿ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ ಇದೆ. ಅದು ಹಿರಿಯರ ಸಂಘ ಎಂದು ಯುವಕರು ದೂರ ಇಡುವುದುಂಟು. ಆದರೆ ಅದನ್ನು ಕಟ್ಟಿದವರು ಕಾಲೇಜು ಹುಡುಗರು. 1833ರ ಏಪ್ರಿಲ್ 23ರಂದು ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಜಾನಾಂ ಮತ್ತು ಅವನ ಗೆಳೆಯರು ಸೇರಿ ಅದನ್ನು ಆರಂಭಿಸಿದರು. ಅಂದು ಓಜಾನಾಂಗೆ ಇಪ್ಪತ್ತು ತುಂಬಿದ ದಿನ. ನಿಮ್ಮ ಧರ್ಮಸಭೆ ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂದು ಚರ್ಚಾಕೂಟದಲ್ಲಿ ಒಬ್ಬ ಸಹಪಾಠಿ ಹಾಕಿದ ಸವಾಲು ಅವನಿಗೆ ನಾಟಿತ್ತು.

ಇಲ್ಲಿ ನಾನು ಒತ್ತಿ ಹೇಳಬೇಕಾದ್ದು ಅವರ ಎರಡನೇ ಹೆಜ್ಜೆಯನ್ನು. ಬಡವರ ಮನೆಗೆ ಹೋಗುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಕಲಿಯಲು ಅವರು ಸಿಸ್ಟರ್ ರೋಸಾಲಿ ರಾಂದು ಎಂಬ ಕನ್ಯಾಸ್ತ್ರೀಯ ಬಳಿ ಹೋದರು. ಪ್ಯಾರಿಸ್ಸಿನ ಮುಫ್ತಾರ್ ಎಂಬ ಬಡ ಕೇರಿಯಲ್ಲಿ ದಶಕಗಳಿಂದ ಮನೆಮನೆ ತಿರುಗಿ ಅಲ್ಲಿಯ ಒಂದೊಂದು ಸಂಸಾರವನ್ನೂ ಬಲ್ಲವರು ಆಕೆ. ಯಾವ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂದು ಆ ಹುಡುಗರಿಗೆ ತಿದ್ದಿ ಹೇಳಿದರು. ಇಬ್ಬಿಬ್ಬರಾಗಿ ಮನೆಗೆ ಹೋಗಿ ಕೂತು ಮಾತಾಡಿಸುವ ಆ ಕ್ರಮ ಇವತ್ತಿಗೂ ಆ ಸಭೆಯಲ್ಲಿ ಉಳಿದಿದೆ. ಸುಮಾರು 150 ದೇಶಗಳಲ್ಲಿ ಹಬ್ಬಿರುವ ಸಂಘ ಅದು. 1997ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವ ಯುವದಿನ ನಡೆದಾಗ ಪೋಪ್ ಎರಡನೇ ಜಾನ್ ಪಾವ್ಲ್ ಅವರು ಓಜಾನಾಂಗೆ ಪುನೀತ ಪದವಿ ನೀಡಿದರು. ನಿಮ್ಮ ಚರ್ಚಿನ ವಿನ್ಸೆಂಟ್ ಸಭೆಯ ಹಿರಿಯರೊಬ್ಬರನ್ನು ಪ್ರವಾಸಕ್ಕೆ ಮುಂಚೆ ಕರೆಸಿ ಒಂದು ಗಂಟೆ ಮಾತಾಡಿಸಿ. ಯಾರ ಮನೆಗೆ ಹೋದಾಗ ಎಲ್ಲಿ ಕೂರಬೇಕು, ಯಾವುದನ್ನು ಕೇಳಬಾರದು ಎನ್ನುವುದು ಅವರಿಗೆ ಅನುಭವದಿಂದ ಗೊತ್ತು.

ಹಣದ ವಿಚಾರ

ಇದನ್ನು ಮಕ್ಕಳ ಮುಂದೆ ಮುಚ್ಚಿಡಬೇಡಿ, ಅವರೇ ಲೆಕ್ಕ ಹಾಕಲಿ. ಬಸ್ ಬಾಡಿಗೆ, ಊಟ, ಬ್ಯಾನರ್, ಟೀಶರ್ಟ್ ಎಲ್ಲ ಸೇರಿಸಿದಾಗ ಖರ್ಚು ಎಷ್ಟು, ಅದರಲ್ಲಿ ಆ ಊರಿಗೆ ಮುಟ್ಟುವುದು ಎಷ್ಟು? 1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ನೆಲಸಮ ಮಾಡಿದಾಗ ಉತ್ತರ ಅಮೆರಿಕದ ಚರ್ಚುಗಳಿಂದ ಯುವತಂಡಗಳು ಮನೆ ಕಟ್ಟಲು ವಿಮಾನ ಹತ್ತಿ ಹೋದವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಅದನ್ನು ಅಧ್ಯಯನ ಮಾಡಿದರು. ಸ್ಥಳೀಯ ಸಂಸ್ಥೆ ಸುಮಾರು 2,000 ಡಾಲರಿನಲ್ಲಿ ಕಟ್ಟುತ್ತಿದ್ದ ಮನೆಗೆ, ತಂಡದವರ ಪ್ರಯಾಣವೂ ಸೇರಿದರೆ ಸುಮಾರು 30,000 ಡಾಲರ್ ಬಿದ್ದಿತ್ತು. ಹೋಗಿ ಬಂದವರ ಬದುಕಿನಲ್ಲಿ ಅವರು ಅಂದುಕೊಂಡಷ್ಟು ಬದಲಾವಣೆಯೂ ಉಳಿದಿರಲಿಲ್ಲ. ಅದಕ್ಕೂ ಮುಂಚೆ, 1968ರಲ್ಲಿ, ಮೆಕ್ಸಿಕೋದಲ್ಲಿದ್ದ ಪಾದ್ರಿ ಇವಾನ್ ಇಲಿಚ್ ಅಮೆರಿಕದ ಸ್ವಯಂಸೇವಕರ ಸಭೆಯಲ್ಲಿ ನಿಂತು, ನೀವು ಇಲ್ಲಿಗೆ ಸಹಾಯ ಮಾಡಲು ಬರಲೇಬೇಡಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಇದನ್ನೆಲ್ಲ ಓದಿದಾಗ ಪ್ರವಾಸವೇ ಬೇಡ ಅನ್ನಿಸುತ್ತದೆ. ನನಗೂ ಅನ್ನಿಸಿದ್ದಿದೆ. ಆದರೆ ನಾವು ಹೋಗುವುದು ಎರಡು ಮೂರು ಗಂಟೆಯ ದಾರಿ, ನಮ್ಮದೇ ಭಾಷೆಯ ಜನರ ಬಳಿಗೆ. ಮತ್ತೆ ಹೋಗಲು ಸಾಧ್ಯವಿರುವ ಜಾಗ. ಹಾಗಾಗಿ ನಾನು ಪ್ರವಾಸದ ಪರ. ನಮ್ಮ ಅನುಭವದಲ್ಲಿ ಒಳ್ಳೆಯದೆಂದು ಕಂಡ ಒಂದು ಪದ್ಧತಿಯೆಂದರೆ ಪ್ರಯಾಣಕ್ಕೆ ಖರ್ಚಾಗುವಷ್ಟೇ ಹಣವನ್ನು ಕೆಲಸಕ್ಕೂ ಒಟ್ಟುಮಾಡುವುದು. ಸಾಮಾನನ್ನು ಆ ಊರಿನ ಅಂಗಡಿಯಿಂದಲೇ ತರುತ್ತೇವೆ. ಬ್ಯಾನರ್ ಬೇಡ. ಟೀಶರ್ಟ್ ಬದಲು ಎಲ್ಲರಿಗೂ ಗಮ್‌ಬೂಟು. ಲೆಕ್ಕವನ್ನು ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಪೈಸೆ ಬಿಡದೆ ಅಂಟಿಸುತ್ತೇವೆ.

ಹಳೆ ಬಟ್ಟೆ ಒಯ್ಯಬೇಡಿ. ನೆರೆ ಬಂದ ಊರಿಗೆ ಹೋದವರಿಗೆಲ್ಲ ರಸ್ತೆಬದಿಯಲ್ಲಿ ಮಳೆಗೆ ನೆನೆದು ಕೊಳೆಯುವ ಬಟ್ಟೆಮೂಟೆಗಳು ಗೊತ್ತು. ಹೊಸ ಒಳಬಟ್ಟೆ, ಸ್ಯಾನಿಟರಿ ಪ್ಯಾಡ್, ಬಕೆಟ್, ಟಾರ್ಚ್, ಇಂಥವು ಬೇಕಾಗುತ್ತವೆ. ಅದನ್ನೂ ಕೇಳಿಯೇ ಒಯ್ಯಿರಿ.

ಮೈಮೇಲಿನ ಜಾಗ್ರತೆ

ಕೆಸರಿನ ಕೆಲಸದಲ್ಲಿ ಇಲಿಜ್ವರದ ಭಯವಿದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೂ ಸಾಕು. 2018ರ ಕೇರಳದ ಮಹಾನೆರೆಯ ನಂತರ ಅಲ್ಲಿ ಇಲಿಜ್ವರ ಹಬ್ಬಿ, ಶುಚಿ ಮಾಡಲು ಹೋದವರಿಗೂ ತಗುಲಿತ್ತು. ಹೊರಡುವ ಮುಂಚೆ ವೈದ್ಯರನ್ನು ಕಂಡು ಟಿಟಿ ಚುಚ್ಚುಮದ್ದು ಬಾಕಿಯಿದೆಯೇ, ಡಾಕ್ಸಿಸೈಕ್ಲಿನ್ ಮಾತ್ರೆ ಬೇಕೇ ಎಂದು ಕೇಳಿ. ನಿಮ್ಮಷ್ಟಕ್ಕೆ ನುಂಗಬೇಡಿ. ಕಾಲಿನಲ್ಲಿ ಗಾಯ ಇರುವವರಿಗೆ ಅಡುಗೆ, ಸಾಮಾನು ಲೆಕ್ಕ, ಇಂಥ ಒಣ ಕೆಲಸ ಕೊಡಿ. ಮನೆಗೆ ಬಂದು ಮೂರು ನಾಲ್ಕು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಮೊದಲು ಹೇಳಬೇಕು.

ಬಾವಿಯ ಒಳಗೆ ಯುವಕರನ್ನು ಇಳಿಸಲೇ ಬೇಡಿ. ಒಳಗೆ ಗಾಳಿ ಕೆಟ್ಟಿದ್ದರೆ ಇಳಿದವನ ಜೊತೆ ಅವನನ್ನು ಎತ್ತಲು ಹೋದವನೂ ಹೋಗುತ್ತಾನೆ. ನೆಲ ನೀರು ಕುಡಿದು ಮೆತ್ತಗಿರುವಾಗ ಪಂಪ್ ಇಟ್ಟು ಬಾವಿಯನ್ನು ಒಮ್ಮೆಗೇ ಬರಿದು ಮಾಡಿದರೆ ಗೋಡೆ ಕುಸಿಯುವುದೂ ಉಂಟು. ಅದು ಬಾವಿ ಕೆಲಸ ಬಲ್ಲವರಿಗೇ ಬಿಟ್ಟದ್ದು. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ. ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಒಯ್ಯಿರಿ.

ಹದಿನೆಂಟು ತುಂಬದವರಿಗೆ ತಂದೆತಾಯಿಯರ ಒಪ್ಪಿಗೆ ಪತ್ರ, ಹುಡುಗಿಯರಿದ್ದಲ್ಲಿ ಮಹಿಳಾ ಸಚೇತಕಿ, ರಾತ್ರಿ ಉಳಿಯುವುದಾದರೆ ಬೇರೆ ಬೇರೆ ಕೋಣೆ. ಇದರಲ್ಲಿ ರಾಜಿ ಇಲ್ಲ. ಅನಾಥಾಲಯ, ಹಾಸ್ಟೆಲ್‌ಗಳಿಗೆ ಹೋದಾಗ ಯಾರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು. ಆ ಮಕ್ಕಳ ಮುಖದ ಫೋಟೊ ಇನ್‌ಸ್ಟಾಗ್ರಾಂಗೆ ಹಾಕುವುದಂತೂ ಬೇಡವೇ ಬೇಡ. ಪಾಲನೆ ಪೋಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ಒಂದು ದಿನ ಹೋಗಿ ಮುದ್ದು ಮಾಡಿ, ಮತ್ತೆ ಬರುತ್ತೇವೆಂದು ಹೇಳಿ ಬಾರದೆ ಇದ್ದರೆ ಆ ಮಕ್ಕಳು ಬಾಗಿಲು ನೋಡುತ್ತಾ ಕೂರುತ್ತಾರೆ. ಮರಳಿ ಹೋಗುವ ಖಾತ್ರಿಯಿಲ್ಲದಿದ್ದರೆ ಅಂಥಲ್ಲಿ ಮಕ್ಕಳ ಜೊತೆ ಆಟಕ್ಕಿಂತ ಅಡುಗೆಮನೆ ತೊಳೆಯುವ, ಗೋಡೆಗೆ ಬಣ್ಣ ಬಳಿಯುವ ಕೆಲಸ ಕೇಳಿ ಪಡೆಯಿರಿ.

ಇನ್ನೊಂದು ಮಾತನ್ನು ನೇರವಾಗಿ ಹೇಳುತ್ತೇನೆ. ಸೇವೆಗೆ ಹೋದಲ್ಲಿ ಧರ್ಮದ ಪ್ರಚಾರ ಬೇಡ, ಕರಪತ್ರ ಬೇಡ, ಅವರ ಮನೆಯಲ್ಲಿ ನಮ್ಮ ಪ್ರಾರ್ಥನೆಯೂ ಬೇಡ. ಕಷ್ಟದಲ್ಲಿರುವವರಿಗೆ ಕೇಳಿಸಿಕೊಳ್ಳದೆ ಇರುವ ಸ್ವಾತಂತ್ರ್ಯ ಇರುವುದಿಲ್ಲ. ಅದನ್ನು ನಾವು ಬಳಸಿಕೊಳ್ಳಬಾರದು. ನಮ್ಮ ಬೆಳಗಿನ ಪ್ರಾರ್ಥನೆ ಬಸ್ಸಿನಲ್ಲಿ ಮುಗಿದಿರುತ್ತದೆ. ಬಾವಿಯ ಮನೆಯ ಅಮ್ಮ ನಾವು ಹೊರಡುವಾಗ ತುಳಸಿಕಟ್ಟೆಗೆ ದೀಪ ಹಚ್ಚಿ ಕೈಮುಗಿದು, “ಎಲ್ಲ ದೇವರೂ ನಿಮ್ಮನ್ನು ಚೆನ್ನಾಗಿಡಲಿ ಮಕ್ಕಳೇ” ಎಂದರು. ನಮ್ಮ ಮಕ್ಕಳು ತಲೆತಗ್ಗಿಸಿ ನಿಂತು ಆ ಹರಕೆ ಪಡೆದರು.

ಸಂಜೆಯ ಕೂಟ

ದಿನದ ಕೆಲಸ ಮುಗಿದ ಮೇಲೆ ಮುಕ್ಕಾಲು ಗಂಟೆ ಎಲ್ಲರೂ ವೃತ್ತವಾಗಿ ಕೂರುವುದು ನಮ್ಮಲ್ಲಿ ಕಡ್ಡಾಯ. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ 1920ರ ದಶಕದಲ್ಲಿ ಕಾರ್ಖಾನೆಯ ಯುವ ಕಾರ್ಮಿಕರನ್ನು ಸಂಘಟಿಸಿದಾಗ ಮೂರು ಮೆಟ್ಟಿಲಿನ ದಾರಿ ಹಾಕಿಕೊಟ್ಟರು. ಮೊದಲು ನೋಡು, ಆಮೇಲೆ ತೂಗಿ ನೋಡು, ಆಮೇಲೆ ಮಾಡು. 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಇದನ್ನು ಎತ್ತಿಹಿಡಿದರು. ವೈಸಿಎಸ್ ಮಕ್ಕಳಿಗೆ ಇದು ಬಾಯಿಪಾಠ. ಆದರೆ ಬಾಯಿಪಾಠ ಕಾಲಿಗೆ ಇಳಿಯುವುದು ಈ ಸಂಜೆಯ ಹೊತ್ತಿನಲ್ಲೇ.

“ಹೇಗನ್ನಿಸಿತು?” ಎಂದು ಕೇಳಬೇಡಿ. ಚೆನ್ನಾಗಿತ್ತು, ಬೇಜಾರಾಯಿತು ಎಂದು ಮುಗಿಯುತ್ತದೆ. ಸಣ್ಣ ಪ್ರಶ್ನೆ ಕೇಳಿ. ಇವತ್ತು ನಿಮಗೆ ಯಾರು ಏನು ಹೇಳಿಕೊಟ್ಟರು? ಯಾರ ಹೆಸರು ಕೇಳಿ ತಿಳಿದಿರಿ? ಯಾವ ಕೆಲಸವನ್ನು ಅವರೇ ನಿಮಗಿಂತ ಚೆನ್ನಾಗಿ ಮಾಡಿದರು? ಈ ಹೊಳೆ ಯಾಕೆ ಈ ಕಡೆ ತಿರುಗಿತು? ಕೊನೆಯ ಪ್ರಶ್ನೆಗೆ ಅಂದು ಯಾರಲ್ಲೂ ಉತ್ತರವಿರಲಿಲ್ಲ. ಮರುದಿನ ಅದನ್ನೇ ಊರವರನ್ನು ಕೇಳಿದರು. ಗುಡ್ಡದ ಮೇಲಿನ ಕಾಡಿನ ಬಗ್ಗೆ, ಹೊಳೆಯ ಹಳೆಯ ಪಾತ್ರದ ಬಗ್ಗೆ ಅವರವರಲ್ಲೇ ಭಿನ್ನಾಭಿಪ್ರಾಯವಿತ್ತು. ಆ ವಾದ ಕೇಳಿಸಿಕೊಂಡು ಬಂದ ಇಬ್ಬರು ಇಂದು ಪರಿಸರ ವಿಜ್ಞಾನ ಓದುತ್ತಿದ್ದಾರೆ.

ಸಂಜೆ ಕೂಟದಲ್ಲಿ ತಿಳಿಯುವ ಇನ್ನೊಂದು ಸಂಗತಿ ಮನೆಯೊಳಗಿನದು. ಮೂರು ದಿನವೂ ಹುಡುಗಿಯರೇ ಅಡುಗೆಗೆ ಸಿಕ್ಕಿಬಿದ್ದರೆ ಅವರು ಕಲಿಯುವುದು ಮನೆಯಲ್ಲಿ ಈಗಾಗಲೇ ಗೊತ್ತಿದ್ದದ್ದನ್ನೇ. ನಮ್ಮಲ್ಲಿ ಸರದಿ ಹಾಕಿದ್ದೇವೆ. ಮೊದಲ ದಿನ ಹುಡುಗರು ಬೇಯಿಸಿದ ಕುಚ್ಚಲಕ್ಕಿ ಅನ್ನ ಗಟ್ಟಿಯಾಗಿತ್ತು, ಎಲ್ಲರೂ ಉಂಡೆವು. ಒಬ್ಬ ಹುಡುಗನ ತಾಯಿ ಆಮೇಲೆ ನನಗೆ ಹೇಳಿದ್ದು, ಮಗ ಈಗ ಉಂಡ ತಟ್ಟೆ ತಾನೇ ತೊಳೆಯುತ್ತಾನೆ, ಅನ್ನಕ್ಕೆ ನೀರೆಷ್ಟು ಎಂದು ಕೇಳುತ್ತಾನೆ ಅಂತ.

ಎರಡನೇ ಸಲ

ಕಾಲೇಜಿನ ಎನ್‌ಎಸ್‌ಎಸ್ ವಿಶೇಷ ಶಿಬಿರ ಏಳು ದಿನದ್ದು. ಚರ್ಚಿನ ಮಕ್ಕಳಿಗೆ ಅಷ್ಟು ರಜೆ ಸಿಗುವುದಿಲ್ಲ. ಎರಡು ಮೂರು ದಿನದಲ್ಲಿ ಏನಾದೀತು ಎಂದು ಕೇಳುವವರಿಗೆ ನನ್ನ ಉತ್ತರ, ಏಳು ದಿನ ಒಮ್ಮೆ ಹೋಗುವುದರ ಬದಲು ಎರಡು ದಿನದಂತೆ ಮೂರು ಸಲ ಅದೇ ಊರಿಗೆ ಹೋಗಿ. ಐವತ್ತು ಜನರ ಬಸ್ಸಿಗಿಂತ ಹನ್ನೆರಡು ಜನರ ಟೆಂಪೊ ಸಾಕು. ಎರಡನೇ ಸಲ ಹೋದಾಗ ಅವರು ನಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ, ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಾರೆ. ಆ ವರ್ಷ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಆದ ಮೇಲೆ ನಾವು ಮತ್ತೊಮ್ಮೆ ಹೋದೆವು. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯ ಒಂದೆರಡು ಕದಿರನ್ನು ಮಕ್ಕಳು ಅಜ್ಜನಿಗೆ ಒಯ್ದಿದ್ದರು. ಅಜ್ಜ ಅದನ್ನು ಬಾಗಿಲ ಮೇಲೆ ಸಿಕ್ಕಿಸಿ, ಗುದ್ದಲಿ ಎತ್ತಿಕೊಂಡು, “ಬನ್ನಿ, ಈ ಸಲ ನಾನು ಹೇಳಿದ ಹಾಗೆ” ಎಂದು ಮುಂದೆ ನಡೆದರು. ಅಂದು ಸಂಜೆಯವರೆಗೂ ಕಣಿ ಬಿಡಿಸಿದೆವು. ಅಜ್ಜ ಮೂರು ಸಲ ಗದರಿದರು.

ನಮ್ಮ ಯುವಸಂಘದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ಪ್ರತಿ ತಂಡ ಬಂದ ಮೇಲೆ ಒಂದು ಪುಟ ಬರೆದು ಮುಂದಿನ ತಂಡದವರ ಕೈಗೆ ಕೊಡುತ್ತದೆ. ಅದರ ಮೊದಲ ಪುಟದಲ್ಲಿ ಬಾವಿಯ ಅಗಲ, ಆಳ, 63 ಗ್ರಾಂ ಎಂಬ ಲೆಕ್ಕ. ಎರಡನೇ ಪುಟದಲ್ಲಿ ತೋಟದ ಒಂದು ಸಣ್ಣ ನಕ್ಷೆ, ಮರಳು ಎಲ್ಲಿ ಹಾಕಬಾರದು ಎಂಬುದಕ್ಕೆ ಕೆಂಪು ಗೆರೆ. ಅದರ ಕೆಳಗೆ ಆ ಹತ್ತನೇ ತರಗತಿಯ ಹುಡುಗಿಯ ಅಕ್ಷರ: “ಅಜ್ಜನಿಗೆ ಎಡಗಿವಿ ಕೇಳಿಸುವುದಿಲ್ಲ. ಬಲಗಡೆ ಕೂತು ಮಾತಾಡಿ.”